58 ಕೆಜಿ, ಎದುರಿಗೆ 104

ನನ್ನ ತೂಕ 58 ಕೆಜಿ. ಜೂಡೋ ಕಲಿಯಲು ಶುರುಮಾಡಿ ಆರು ವರ್ಷವಾಗಿದ್ದಾಗ ನಮ್ಮ ತರಗತಿಗೆ ಒಬ್ಬ ಹೊಸ ಹುಡುಗ ಬಂದ. ಆರಡಿ ಮೀರಿದ ಎತ್ತರ, 104 ಕೆಜಿ. ಬೊಜ್ಜು ಅಷ್ಟೇನೂ ಇರಲಿಲ್ಲ, ಕಬ್ಬಿಣ ಎತ್ತಿ ಬೆಳೆಸಿದ ಮೈ. ಬೆಲ್ಟ್ ಕಟ್ಟಿಕೊಳ್ಳಲು ಅವನಿಗೆ ಬರುತ್ತಿರಲಿಲ್ಲ, ಮೊದಲ ದಿನ ನಾನೇ ಕಟ್ಟಿಕೊಟ್ಟೆ. ಮೂರನೇ ವಾರ ಅವನ ಜೊತೆ ರಾಂಡೋರಿಗೆ ನಿಂತೆ. ರಾಂಡೋರಿ ಅಂದರೆ ಇಬ್ಬರೂ ಮನಸ್ಸಿಟ್ಟು ಒಬ್ಬರನ್ನೊಬ್ಬರು ಕೆಡವಲು ನೋಡುವ ಅಭ್ಯಾಸ ಪಂದ್ಯ. ಒಂದು ನಿಮಿಷ ಕಳೆಯುವ ಮೊದಲೇ ನನ್ನ ಬಲಗಡೆಯ ಪಕ್ಕೆಲುಬು ಬಿರುಕು ಬಿಟ್ಟಿತು.

ಅವನು ಏನೂ ಮಾಡಿರಲಿಲ್ಲ. ಮಾಡಿದ್ದು ನಾನು. ನನ್ನ ಮೆಚ್ಚಿನ ಪಟ್ಟು ಸೆಯೋಯಿ ನಾಗೆ: ಎದುರಾಳಿಯ ತೋಳು ಹಿಡಿದು, ಗಿರ್ರನೆ ತಿರುಗಿ ಅವನ ಎದೆಯ ಕೆಳಗೆ ಹೊಕ್ಕು, ಬೆನ್ನ ಮೇಲಿಂದ ಹಾಯಿಸಿ ಮುಂದಕ್ಕೆ ಕೆಡವುವುದು. ನನ್ನಷ್ಟೇ ತೂಕದವರ ಮೇಲೆ ಲೆಕ್ಕವಿಲ್ಲದಷ್ಟು ಸಲ ಮಾಡಿದ್ದೆ. ಅವತ್ತೂ ಸರಿಯಾಗಿಯೇ ಹೊಕ್ಕೆ ಅನ್ನಿಸಿತ್ತು. ಆದರೆ ಅವನ ಎರಡೂ ಪಾದ ಮ್ಯಾಟಿಗೆ ಭದ್ರವಾಗಿ ಊರಿದ್ದವು. ಗಾಬರಿಯಾಗಿ ಅವನು ಹಿಂದಕ್ಕೆ ಜಗ್ಗಿದ, ನಾನು ಹಟ ಹಿಡಿದು ಎಳೆದೆ, ಇಬ್ಬರೂ ಓರೆಯಾಗಿ ಉರುಳಿದೆವು. ಅವನ ಭುಜ ನನ್ನ ಪಕ್ಕೆಯ ಮೇಲೆ ಬಂದು ಕೂತಿತು. ಒಣಕಡ್ಡಿ ಮುರಿದಂಥ ಸದ್ದು ಮೈಯೊಳಗಿಂದಲೇ ಕೇಳಿಸಿತು. "ಅಣ್ಣಾ, ಏನಾಯ್ತಣ್ಣಾ?" ಅಂತ ಅವನು ನನಗಿಂತ ಹೆಚ್ಚು ಹೆದರಿದ್ದ. ಆಮೇಲೆ ಆರು ವಾರ ನನಗೆ ಒಂದು ಸೀನು ಬಂದರೂ ಭಯ.

ಆ ಆರು ವಾರ ಮ್ಯಾಟಿನ ಅಂಚಿನಲ್ಲಿ ಕೂತು ಅವನನ್ನೇ ನೋಡಿದೆ. "ಪಟ್ಟು ಗೊತ್ತಿದ್ದರೆ ಎಷ್ಟು ದೊಡ್ಡ ಆಳನ್ನಾದರೂ ಕೆಡವಬಹುದು" ಎಂದು ಹೊಸಬರಿಗೆ ಹೇಳುತ್ತಿದ್ದವರಲ್ಲಿ ನಾನೂ ಒಬ್ಬ. ಆ ಮಾತು ಯಾವಾಗ ನಿಜ, ಎಷ್ಟರ ಮಟ್ಟಿಗೆ ನಿಜ ಅನ್ನುವುದನ್ನು ಆಮೇಲಿನ ಎರಡು ವರ್ಷ ಅದೇ ಹುಡುಗನ ಜೊತೆ ಕಾದಾಡಿ ತಿಳಿದುಕೊಂಡೆ.

ಜೂಡೋ ಹುಟ್ಟಿದ್ದೇ ಈ ಪ್ರಶ್ನೆಯಿಂದ ಅನ್ನಬೇಕು. ಅದನ್ನು ಕಟ್ಟಿದ ಕಾನೋ ಜಿಗೊರೊ ಸಣ್ಣ ಮೈಕಟ್ಟಿನವರು. ಶಾಲೆಯಲ್ಲಿ ದೊಡ್ಡ ಹುಡುಗರ ಕಾಟ ತಡೆಯಲಾರದೆ ಜಪಾನಿನ ಹಳೆಯ ಹಿಡಿದಾಟದ ಕಲೆ ಜುಜುತ್ಸು ಕಲಿಯಲು ಹೊರಟರು. ಕಲಿಯುತ್ತಿದ್ದ ಕಡೆ ಫುಕುಶಿಮಾ ಎಂಬ ಭಾರಿ ಆಳೊಬ್ಬ ಇದ್ದ, ಏನು ಮಾಡಿದರೂ ಅವನನ್ನು ಕೆಡವಲು ಇವರಿಂದ ಆಗಲಿಲ್ಲ. ಸುಮೋದ ಪಟ್ಟುಗಳನ್ನು ತಂದು ನೋಡಿದರು, ನಡೆಯಲಿಲ್ಲ. ಕೊನೆಗೆ ಪಾಶ್ಚಾತ್ಯ ಕುಸ್ತಿಯ ಪುಸ್ತಕಗಳನ್ನು ಹುಡುಕಿ ತೆಗೆದು, ಎದುರಾಳಿಯನ್ನು ಹೆಗಲ ಮೇಲೆ ಅಡ್ಡಲಾಗಿ ಹೊತ್ತು ಹಾಕುವ ಪಟ್ಟನ್ನು ಕಂಡುಕೊಂಡರು. ಇವತ್ತು ನಾವು ಕಲಿಯುವ ಕಾತಾ ಗುರುಮಾ ಅದೇ. 1882ರಲ್ಲಿ ತಮ್ಮ ಜೂಡೋ ಶಾಲೆ ಕೊಡೊಕಾನ್ ಕಟ್ಟುವ ಮೊದಲಿನ ಮಾತು ಇದು. ಪಕ್ಕೆಗೆ ಪಟ್ಟಿ ಸುತ್ತಿಕೊಂಡು ಕೂತಿದ್ದಾಗ ಈ ಕತೆ ನನಗೆ ಬೇರೆಯಾಗಿಯೇ ಕಂಡಿತು. ಕಾನೋ ತಮಗೆ ಬರುವ ಪಟ್ಟನ್ನೇ ಇನ್ನಷ್ಟು ಜೋರಾಗಿ ಹಾಕಲು ಹೋಗಲಿಲ್ಲ. ಆ ಮೈಗೆ ಒಪ್ಪುವ ಪಟ್ಟು ಯಾವುದು ಎಂದು ಹುಡುಕಿದರು.

ಎಸೆತಕ್ಕೆ ಮೂರು ಹಂತ ಎಂದು ಮೊದಲ ವಾರವೇ ಹೇಳಿಕೊಡುತ್ತಾರೆ. ಕುಝುಶಿ, ಸಮತೋಲ ಕೆಡಿಸುವುದು. ತ್ಸುಕುರಿ, ನಮ್ಮ ಮೈಯನ್ನು ಜಾಗಕ್ಕೆ ತರುವುದು. ಕಾಕೆ, ಕೆಡವುವುದು. ಸಮತೂಕದವರ ಜೊತೆ ಕುಝುಶಿ ಅರೆಬರೆಯಾದರೂ ತೋಳಿನ ಬಲದಿಂದ ಹೇಗೋ ದೂಗಿಸಿಕೊಂಡು ಹೋಗಬಹುದು. ನಾನು ಆರು ವರ್ಷ ಹಾಗೆ ದೂಗಿಸಿಕೊಂಡೇ ಬಂದಿದ್ದೆ, ಅದು ನನಗೆ ಗೊತ್ತೇ ಇರಲಿಲ್ಲ. 46 ಕೆಜಿ ಹೆಚ್ಚಿಗೆ ಇರುವವನ ಹತ್ತಿರ ಆ ಸಾಲ ಹುಟ್ಟುವುದಿಲ್ಲ.

ಅಂಚಿನಲ್ಲಿ ಕೂತು ನೋಡಿ ನೋಡಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಅವನು ಬಲಕ್ಕೆ ಸರಿಯುವಾಗ ಎಡಗಾಲು ಬಲಗಾಲಿನ ಹತ್ತಿರಕ್ಕೆ ಜಾರಿಕೊಂಡು ಬರುತ್ತಿತ್ತು, ಎರಡು ಪಾದವೂ ಒಂದು ಕ್ಷಣ ಕೂಡುತ್ತಿದ್ದವು. ಅಷ್ಟು ದೊಡ್ಡ ಮೈ ಆಗ ಒಂದು ಗೇಣು ಜಾಗದ ಮೇಲೆ ನಿಂತಿರುತ್ತಿತ್ತು. ಹುಷಾರಾಗಿ ಮರಳಿದ ಮೇಲೆ ಸೆಯೋಯಿ ನಾಗೆಯನ್ನು ಬದಿಗಿಟ್ಟು ಒಕುರಿ ಆಶಿ ಬಾರಾಯಿ ಹಿಡಿದೆ. ಹಿಂದೆ ಬರುವ ಕಾಲನ್ನು ಮುಂದಿನ ಕಾಲಿನ ಕಡೆಗೆ ಗುಡಿಸುವ ಪಟ್ಟು ಅದು. ನೋಡುವುದಕ್ಕೆ ಏನೂ ಇಲ್ಲ ಅನ್ನಿಸುತ್ತದೆ, ಕಲಿಯುವುದಕ್ಕೆ ಬಹಳ ತಾಳ್ಮೆ ಬೇಕು.

ನನ್ನ ಬಲ ಅಂಗಾಲು ಪೊರಕೆಯ ಹಾಗೆ ಒಳಕ್ಕೆ ಬಾಗಿ, ಕಿರುಬೆರಳ ಅಂಚು ಮ್ಯಾಟಿಗೆ ತಾಗಿಕೊಂಡೇ ಸಾಗಿ ಅವನ ಎಡಪಾದದ ಹೊರಬದಿಗೆ, ಗೆಣ್ಣಿನ ಕೆಳಗೆ, ತಾಗಬೇಕು. ತಾಗುವ ಹೊತ್ತಿಗೆ ಆ ಪಾದ ಒಂದು ಬೆರಳಷ್ಟು ಮೇಲಿರಬೇಕು, ಇಲ್ಲವೇ ಆಗತಾನೆ ಮ್ಯಾಟು ಮುಟ್ಟುತ್ತಿರಬೇಕು. ಮೈಭಾರ ಅದರ ಮೇಲೆ ಇನ್ನೂ ಇಳಿದಿರಬಾರದು. ಆಗ ನಾನು ಸರಿಸಬೇಕಾದದ್ದು ಬರೀ ಒಂದು ಕಾಲನ್ನು. ರೆಪ್ಪೆ ಬಡಿಯುವಷ್ಟು ತಡವಾದರೆ ಕಂಬಕ್ಕೆ ಒದ್ದ ಹಾಗೆ. ನನ್ನ ಹೆಬ್ಬೆರಳು ಎರಡು ಸಲ ಊದಿತು. ಕಾಲು ಎಡಕ್ಕೆ ಗುಡಿಸುವಾಗ ಕೈಗಳು ಬಲಕ್ಕೆ ಸ್ಟಿಯರಿಂಗ್ ತಿರುಗಿಸಿದ ಹಾಗೆ ತಿರುಗಬೇಕು. ಇದನ್ನು ಮೂರು ತಿಂಗಳು, ತರಗತಿ ಮುಗಿದ ಮೇಲೆ, ಬರೀ ನಡೆಯುತ್ತಾ ಅಭ್ಯಾಸ ಮಾಡಿದೆ. ಅವನೇ ಜೊತೆ ಕೊಟ್ಟ.

ನಾಲ್ಕನೇ ತಿಂಗಳು ಒಂದು ಸಂಜೆ ರಾಂಡೋರಿಯಲ್ಲಿ ಅದು ಕೂಡಿಬಂತು. ನಾನು ಎಡಕ್ಕೆ ಎರಡು ಹೆಜ್ಜೆ ಇಟ್ಟೆ, ಅವನು ಜೊತೆಗೇ ಸರಿದ, ಕಾಲು ತಾನಾಗಿಯೇ ಹೋಯಿತು. 104 ಕೆಜಿ ಅಡ್ಡಡ್ಡವಾಗಿ ಗಾಳಿಯಲ್ಲಿತ್ತು. ಮ್ಯಾಟು ದಢ್ ಎಂದು ಸದ್ದು ಮಾಡಿತು. ನನ್ನ ಕೈಗೆ ಭಾರವೇ ತಿಳಿಯಲಿಲ್ಲ, ಒದ್ದೆ ಬಟ್ಟೆ ಕೊಡವಿದಷ್ಟೂ ಶ್ರಮ ಆಗಲಿಲ್ಲ. ಅವನು ಮಲಗಿದಲ್ಲೇ ಸೂರು ನೋಡುತ್ತಾ, "ಅಣ್ಣಾ, ಏನ್ ಮಾಡಿದ್ರಿ? ನಂಗೇನೂ ಗೊತ್ತಾಗ್ಲೇ ಇಲ್ಲ" ಅಂದ. ಆ ಸಂಜೆ ನನಗಾದ ಸಂತೋಷ ಯಾವ ಪದಕ ಗೆದ್ದಾಗಲೂ ಆಗಿರಲಿಲ್ಲ.

ನೆಲದ ಮೇಲೆ ಬಿದ್ದ ಮೇಲಿನ ಲೆಕ್ಕವೇ ಬೇರೆ. ನಿಂತಿದ್ದಾಗ ಭಾರಿ ಆಳು ತನ್ನ ತೂಕವನ್ನು ತಾನೇ ಹೊರಬೇಕು. ಮಲಗಿದ ಮೇಲೆ ನಮ್ಮಿಂದ ಹೊರಿಸುತ್ತಾನೆ. ಕೆಸಾ ಗಾತಾಮೆ ಎಂಬ ಹಿಡಿತವಿದೆ, ಪಕ್ಕದಲ್ಲಿ ಕೂತು ಕತ್ತು ತೋಳು ಅಪ್ಪಿಕೊಂಡು ತನ್ನ ಪಕ್ಕೆಯ ಭಾರವನ್ನೆಲ್ಲ ನಮ್ಮ ಎದೆಯ ಮೇಲೆ ಇಡುವುದು. ಹೊಸಬನಾಗಿದ್ದರೂ ಅದನ್ನು ಅವನು ಒಂದೇ ದಿನದಲ್ಲಿ ಕಲಿತ. ನಾನು ಉಸಿರು ಬಿಟ್ಟಾಗ ಎದೆ ಕುಗ್ಗುತ್ತದೆ, ಅವನ ಭಾರ ಅಲ್ಲಿಗೆ ಇಳಿಯುತ್ತದೆ, ಮುಂದಿನ ಉಸಿರಿಗೆ ಅಷ್ಟು ಜಾಗ ಕಡಿಮೆ. ನಾಲ್ಕನೇ ಉಸಿರಿಗೆ ಯಾವ ಪಟ್ಟೂ ನೆನಪಾಗುವುದಿಲ್ಲ. ಜೂಡೋದಲ್ಲಿ 20 ಸೆಕೆಂಡು ಹಾಗೆ ಅದುಮಿ ಹಿಡಿದರೆ ಪಂದ್ಯವೇ ಮುಗಿಯುತ್ತದೆ. ಹಾಗೆ ಎಷ್ಟು ಸಲ ಮುಗಿಯಿತೋ.

ಅದರಿಂದ ಕಲಿತದ್ದು, ಬೆನ್ನು ಪೂರ್ತಿ ಮ್ಯಾಟಿಗೆ ತಾಗಲು ಬಿಡಬಾರದು ಎಂದು. ಬೀಳುತ್ತಿರುವಾಗಲೇ ಒಂದು ಪಕ್ಕಕ್ಕೆ ಹೊರಳಬೇಕು, ಮೊಣಕೈ ಮೊಣಕಾಲು ಹತ್ತಿರ ಇರಬೇಕು. ಅವನನ್ನು ತಳ್ಳಲು ಹೋದರೆ ತೋಳು ಹತ್ತು ಸೆಕೆಂಡಿಗೆ ಸೋಲುತ್ತದೆ. ಅದರ ಬದಲು ಮುಂಗೈ ಮೂಳೆಯನ್ನು ಅವನ ಸೊಂಟದ ಮೂಳೆಗೆ ಊರುಗೋಲಿನ ಹಾಗೆ ಆನಿಸಿ, ಮೊಣಕೈಯನ್ನು ಮ್ಯಾಟಿಗೆ ಊರಿದರೆ ಭಾರ ನನ್ನ ಸ್ನಾಯುವಿಗೆ ಬಾರದೆ ಮೂಳೆಯಿಂದ ನೆಲಕ್ಕೆ ಇಳಿಯುತ್ತದೆ. ಅವನು ಜಾಗ ಬದಲಿಸುವಾಗ ಸಿಗುವ ನಾಲ್ಕು ಬೆರಳಿನಷ್ಟು ಸಂದಿಯಲ್ಲಿ ಸೊಂಟ ಎಳೆದುಕೊಂಡು ಹೊರಗೆ ಬರುವುದು, ಬಂದ ಕೂಡಲೇ ಅವನ ಬೆನ್ನಿಗೆ ಹೋಗುವುದು. ಬೆನ್ನ ಮೇಲೆ ಕೂತವನ ಮೇಲೆ ಯಾರೂ ಸುಲಭಕ್ಕೆ ತೂಕ ಹಾಕಲಾರರು. ಸಣ್ಣ ಆಳಿಗೆ ನೆಲದ ಮೇಲೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಬೆನ್ನಿನಿಂದ ಕತ್ತು ಅಮುಕುವ ಪಟ್ಟುಗಳಲ್ಲೂ ದೊಡ್ಡ ಮೈಗೆ ಹೊಂದಿಕೆ ಮಾಡಿಕೊಳ್ಳಬೇಕಾಯಿತು. ಬರಿಗೈಯಲ್ಲಿ ಹಾಕುವ ಹಡಾಕಾ ಜಿಮೆಗೆ ಅವನ ಕತ್ತು ಸುತ್ತಿ ಬೀಗ ಹಾಕುವಷ್ಟು ನನ್ನ ತೋಳು ಉದ್ದವಿರಲಿಲ್ಲ. ಅವನದೇ ಕಾಲರನ್ನು ಎಳೆದು ಬಿಗಿಯುವ ಒಕುರಿ ಎರಿ ಜಿಮೆ ಹಿಡಿದ ಮೇಲೆ ತೋಳಿನ ಉದ್ದದ ಪ್ರಶ್ನೆ ಹೋಯಿತು. ಕತ್ತಿನ ಎರಡೂ ಬದಿಯ ರಕ್ತನಾಳ ಸರಿಯಾಗಿ ಒತ್ತಿದರೆ ಎಷ್ಟು ದೊಡ್ಡ ಆಳಿಗಾದರೂ ಸುಮಾರು 10 ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಅದಕ್ಕೇ ಇದನ್ನು ಗುರುಗಳ ಎದುರಿಗಲ್ಲದೆ ಯಾರೂ ಪ್ರಯತ್ನಿಸಬಾರದು, ಜೊತೆಗಾರ ಕೈ ತಟ್ಟಿದ ತಕ್ಷಣ ಬಿಡಬೇಕು.

ಇಷ್ಟೆಲ್ಲ ಬಂದ ಮೇಲೂ ಒಂದು ವಿಷಯ ನನ್ನನ್ನು ಬಿಡಲಿಲ್ಲ: ದಣಿವು. ನಾಲ್ಕು ನಿಮಿಷದ ಸುತ್ತಿನಲ್ಲಿ ಮೂರನೇ ನಿಮಿಷಕ್ಕೆ ನನ್ನ ಮುಂಗೈಗಳು ಕಲ್ಲಾಗುತ್ತಿದ್ದವು. ಅವನು ಸುಮ್ಮನೆ ಕಾಲರ್ ಹಿಡಿದು ಒರಗಿದರೂ ನಾನು ದುಡಿಯಬೇಕು. ಬ್ರೆಜಿಲಿನ ಜುಜುತ್ಸು ಪಟು ರಾಯ್ಸ್ ಗ್ರೇಸಿ 1993ರ ನವೆಂಬರಿನಲ್ಲಿ ಮೊದಲ ಯುಎಫ್‌ಸಿ, ಅಂದರೆ ಬೇರೆ ಬೇರೆ ಕಲೆಯವರು ಎದುರಾಗುವ ಕಾದಾಟದ ಪಂದ್ಯಾವಳಿ, ಗೆದ್ದದ್ದನ್ನು ಎಲ್ಲರೂ ಹೇಳುತ್ತಾರೆ. ಅವರ ತೂಕ ಸುಮಾರು 80 ಕೆಜಿ, ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ನಾನು ಹೊಸಬರಿಗೆ ಹೇಳುವುದು 1994ರ ಎರಡು ಪಂದ್ಯಗಳ ಕತೆ. ಸುಮಾರು 113 ಕೆಜಿಯ ಕೀಮೋ ಲಿಯೊಪೋಲ್ಡೋ ವಿರುದ್ಧ ಐದು ನಿಮಿಷದೊಳಗೆ ತೋಳುಪಟ್ಟಿನಿಂದ ಗೆದ್ದರು, ಆದರೆ ಅದೇ ರಾತ್ರಿಯ ಮುಂದಿನ ಪಂದ್ಯಕ್ಕೆ ಕಾದಾಡುವಷ್ಟು ತ್ರಾಣ ಉಳಿಯದೆ ಅವರ ಕಡೆಯವರು ಟವೆಲ್ ಎಸೆದು ಸೋಲೊಪ್ಪಿದರು. ಡಿಸೆಂಬರಿನಲ್ಲಿ ಸುಮಾರು 118 ಕೆಜಿಯ ಡ್ಯಾನ್ ಸೆವರ್ನ್ ಕೆಳಗೆ ಹೆಚ್ಚುಕಡಿಮೆ 16 ನಿಮಿಷ ಮಲಗಿದ್ದು, ಕೊನೆಗೆ ಕಾಲುಗಳಿಂದ ಕತ್ತು ಬಿಗಿದು ಗೆದ್ದರು. ಕೌಶಲ ಗೆದ್ದಿತು, ನಿಜ. ಅದಕ್ಕೆ ಎಷ್ಟು ಹೊತ್ತು ಹಿಡಿಯಿತು, ಮೈಯಿಂದ ಏನೇನು ತೆತ್ತರು ಅನ್ನುವುದೂ ಅಷ್ಟೇ ನಿಜ.

ಗಾಮಾ ಪೈಲ್ವಾನರ ಮಾತೂ ಹೀಗೆಯೇ. 1910ರಲ್ಲಿ ಲಂಡನ್ನಿನಲ್ಲಿ ತನಗಿಂತ ದೊಡ್ಡ ಮೈಯ ಪೋಲೆಂಡಿನ ಕುಸ್ತಿಪಟು ಸ್ಟಾನಿಸ್ಲಾಸ್ ಜ್ಬಿಸ್ಕೊ ಜೊತೆ ಎರಡೂವರೆ ತಾಸಿಗೂ ಮೀರಿ ಕಾದಾಡಿದರು. ಜ್ಬಿಸ್ಕೊ ಹೆಚ್ಚಿನ ಹೊತ್ತು ಮ್ಯಾಟಿಗೆ ಅಂಟಿಕೊಂಡೇ ಇದ್ದ, ಗಾಮಾರಂಥ ಗಾಮಾಗೂ ಅವನನ್ನು ಮಗುಚಿ ಚಿತ್ ಮಾಡಲಾಗಲಿಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಮತ್ತೆ ಎದುರಾದಾಗ ಒಂದು ನಿಮಿಷದೊಳಗೆ ಕೆಡವಿದರು. ಭಾರಿ ಆಳು ಗೆಲ್ಲುವ ಆಸೆ ಬಿಟ್ಟು ಬರೀ ಸೋಲಬಾರದು ಎಂದು ಗಟ್ಟಿಯಾಗಿ ಕೂತರೆ ಅವನನ್ನು ಕದಲಿಸುವುದು ಎಷ್ಟು ಕಷ್ಟ ಎಂದು ನಾನೂ ಕಂಡಿದ್ದೇನೆ. ಅವನು ಬರಬೇಕು, ಹೆಜ್ಜೆ ಇಡಬೇಕು. ಆಗಲೇ ನನಗೆ ದಾರಿ.

ಹೊಡೆದಾಟದ ಕಲೆಗಳ ಬಗ್ಗೆ ಒಂದೇ ಮಾತು. ಒಂದು ವರ್ಷ ಬಾಕ್ಸಿಂಗ್ ಮಾಡಿದೆ. ಅಲ್ಲಿ ಉದ್ದ ತೋಳಿನ, ಭಾರದ ಆಳಿನ ಒಂದು ಗುದ್ದು ನನ್ನ ಹತ್ತು ಗುದ್ದಿಗೆ ಸಮ, ಹತ್ತಿರ ಹೋಗುವ ಮೊದಲೇ ಒಂದಾದರೂ ತಿನ್ನಬೇಕು. ಸಣ್ಣ ಮೈಯವರಿಗೆ ಹಿಡಿದಾಟ ಹೆಚ್ಚು ಒದಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ನನ್ನನ್ನು ನಿಜಕ್ಕೂ ನೋಯಿಸುವ ವಿಷಯ ಇನ್ನೊಂದಿದೆ. ಸ್ವರಕ್ಷಣೆ ಎಂದು ಒಂದು ದಿನದ ಶಿಬಿರ ಮಾಡಿ, ದೊಡ್ಡ ಆಳೊಬ್ಬ ಮಣಿಕಟ್ಟು ಹಿಡಿದಂತೆ ಮಾಡಿ, ಸಣ್ಣ ಹುಡುಗಿ ತಿರುಚಿದ ಕೂಡಲೇ ಬೀಳುವುದನ್ನು ತೋರಿಸುತ್ತಾರೆ. ಅವನು ಬೀಳುವುದು ಬೀಳಬೇಕೆಂದು ಒಪ್ಪಿಕೊಂಡಿರುವುದರಿಂದ. ಆ ಹುಡುಗಿ ಅದನ್ನು ನಂಬಿ ಮನೆಗೆ ಹೋಗುತ್ತಾಳೆ. ನನ್ನ ಹತ್ತಿರ ಕಲಿಯಲು ಬರುವ ಸಣ್ಣ ಮೈಯವರಿಗೆ ಮೊದಲ ತಿಂಗಳಲ್ಲೇ ಒಮ್ಮೆ ದೊಡ್ಡವನ ಕೆಳಗೆ ಮಲಗಿಸಿ, ಎಚ್ಚರಿಕೆಯಿಂದಲೇ, ತೂಕ ಅಂದರೇನು ಎಂದು ತಿಳಿಸುತ್ತೇನೆ. ಹೆಬ್ಬೆರಳ ಕಡೆಯಿಂದ ಕೈ ಬಿಡಿಸಿಕೊಳ್ಳುವುದು, ಸಂದಿ ಮಾಡಿಕೊಂಡು ಏಳುವುದು, ಎದ್ದವರೇ ಓಡುವುದು. ಹೊರಗಿನ ಜಗತ್ತಿಗೆ ಅಷ್ಟನ್ನೇ ಕಲಿಸುತ್ತೇನೆ, ಅದೂ ಎದುರಿನವನು ನಿಜವಾಗಿ ಹಿಡಿದಿರುವಾಗ. ಹೊರಗೆ ನೆಲ ಗಟ್ಟಿ, ಜೊತೆಗೆ ಇನ್ನೊಬ್ಬನಿರಬಹುದು, ಕೈ ತಟ್ಟಿದರೆ ಬಿಡುವವರು ಯಾರೂ ಇರುವುದಿಲ್ಲ.

ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಮೊದಲ ಎಂಟು ತಿಂಗಳು ಹತ್ತು ಸುತ್ತಿನಲ್ಲಿ ಏಳು ನನ್ನವಾಗುತ್ತಿದ್ದವು. ವರ್ಷ ದಾಟುವ ಹೊತ್ತಿಗೆ ಸರಿಸಮ. ಈಗ ಹತ್ತರಲ್ಲಿ ಎರಡು ಸಿಕ್ಕರೆ ಹೆಚ್ಚು. ನನ್ನ ಆರು ವರ್ಷದ ಮುನ್ನಡೆಯನ್ನು ಅವನು ಒಂದು ವರ್ಷದಲ್ಲಿ ತುಂಬಿಕೊಂಡ, ಉಳಿದದ್ದನ್ನು 46 ಕೆಜಿ ತುಂಬಿತು. ತೂಕದ ವರ್ಗಗಳಿಲ್ಲದ ಆಲ್ ಜಪಾನ್ ಚಾಂಪಿಯನ್‌ಶಿಪ್ಪಿನಲ್ಲೂ ಇದೇ ಕಾಣುತ್ತದೆ. 1964ರ ಒಲಿಂಪಿಕ್ಸಿನಲ್ಲಿ 80 ಕೆಜಿ ವರ್ಗದ ಚಿನ್ನ ಗೆದ್ದ ಇಸಾವೊ ಒಕಾನೊ ಈ ಚಾಂಪಿಯನ್‌ಶಿಪ್ಪನ್ನು 1967 ಮತ್ತು 1969ರಲ್ಲಿ ಗೆದ್ದರು; ಇಂದಿಗೂ ಜನ ಬೆರಗಿನಿಂದ ನೆನೆಯುತ್ತಾರೆ ಅಂದರೆ ಅದು ಎಷ್ಟು ಅಪರೂಪ ನೋಡಿ. 71 ಕೆಜಿ ವರ್ಗದ ವಿಶ್ವ ಚಾಂಪಿಯನ್ ತೊಷಿಹಿಕೊ ಕೊಗಾ 1990ರಲ್ಲಿ ಫೈನಲ್ ತನಕ ಬಂದು, ಅಲ್ಲಿ ಹೆವಿವೇಟ್ ನವೊಯಾ ಒಗಾವಾ ಎದುರು ಸೋತರು. ಒಗಾವಾ ಬರೀ ಭಾರದ ಆಳಾಗಿರಲಿಲ್ಲ, ತಾವೂ ವಿಶ್ವ ಚಾಂಪಿಯನ್.

ನಮ್ಮ ಹುಡುಗ ಈಗ ಪಾದ ಕೂಡಿಸುವುದಿಲ್ಲ. ಅದನ್ನು ಅವನಿಗೆ ತಿದ್ದಿಕೊಟ್ಟದ್ದೂ ನಾನೇ, ಜೊತೆಗಾರನ ತಪ್ಪನ್ನು ಮುಚ್ಚಿಟ್ಟು ಗೆಲ್ಲುವುದರಲ್ಲಿ ನನಗೆ ಸುಖವಿಲ್ಲ. ಈಚೆಗೆ ಕಾಲು ಅಗಲಿಸಿಯೇ ಸರಿಯುತ್ತಾನೆ. ಕಾಲು ಅಗಲವಾದರೆ ನಡುವೆ ಜಾಗವಾಗುತ್ತದೆ, ಅಲ್ಲಿಗೆ ಕೊಉಚಿ ಗಾರಿ ಹೊಗುತ್ತದೆ: ಅವನು ಮುಂದಿಟ್ಟ ಕಾಲಿನ ಹಿಮ್ಮಡಿಯನ್ನು ಒಳಗಿನಿಂದ ಕೊಯ್ಯುವುದು. ಹೋದ ವಾರ ಎರಡು ಸಲ ಹಿಮ್ಮಡಿ ಸಿಕ್ಕಿತು. ಎರಡು ಸಲವೂ ನಾನು ಅರೆ ಹೆಜ್ಜೆ ದೂರ ಇದ್ದೆ. ಈಗ ಆ ಅರೆ ಹೆಜ್ಜೆಯ ಮೇಲೆ ಕೆಲಸ ನಡೆದಿದೆ.