ಗಿಡ್ಡ ಜೀಪಿನ ಹಿಂದೆ ದೋಣಿ ಟ್ರೇಲರ್: ಓಲಾಟ ನಿಂತದ್ದು ಹೀಗೆ

ಮಡಿಕೇರಿಯಿಂದ ಹಾರಂಗಿ ಹಿನ್ನೀರಿಗೆ ನಮ್ಮ ಫೈಬರ್ ದೋಣಿ ಎಳೆದೊಯ್ಯುವಾಗ, ಸುಂಟಿಕೊಪ್ಪ ದಾಟಿದ ಮೇಲಿನ ಇಳಿಜಾರಿನಲ್ಲಿ ಟ್ರೇಲರ್ ಅತ್ತಿತ್ತ ಓಲಾಡುತ್ತಿತ್ತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಕಡಿಮೆ ಇರುವ ಜೀಪು ಇಂಥ ಎಳೆತಕ್ಕೆ ಬೇಗ ತಿರುಗಿಬಿಡುತ್ತದೆ.

ಕಾರಣ ತೂಕದ ಹಂಚಿಕೆ. ದೋಣಿಯ ಮೋಟಾರು, ಪೆಟ್ರೋಲ್ ಕ್ಯಾನು, ಲಂಗರು ಎಲ್ಲವೂ ಹಿಂದೆಯೇ ಇದ್ದವು. ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು, ಟ್ರೇಲರನ್ನು ಜೀಪಿಗೆ ಸೇರಿಸುವ ಕೊಂಡಿಯ ಮೇಲೆ ಬೀಳಬೇಕು. 600 ಕಿಲೋ ಇದ್ದರೆ 60ರಿಂದ 90 ಕಿಲೋ. ಕಾಫಿ ಮೂಟೆ ತೂಗುವ ತಕ್ಕಡಿಯನ್ನೇ ತಂದು, ಸಮತಟ್ಟಾದ ಕಣದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಕೊಂಡಿಯ ಎತ್ತರಕ್ಕೆ ಆಸರೆಯಿಟ್ಟು ತೂಗಿದೆ. ಬಹಳ ಕಡಿಮೆಯಿತ್ತು. ಕ್ಯಾನು, ಲಂಗರು ಮುಂದಕ್ಕೆ ಬಂದವು. ದೋಣಿಯನ್ನೂ ಸ್ವಲ್ಪ ಮುಂದೆ ಸರಿಸಿ ಬಿಗಿದೆ. ಓಲಾಟ ನಿಂತಿತು.

ಹಾಗಂತ ಕೊಂಡಿಗೆ ಅತಿಯಾಗಿ ಭಾರ ಹೇರಬೇಡಿ. ಜೀಪಿನ ಹಿಂಭಾಗ ಕುಸಿದರೆ ಮುಂದಿನ ಚಕ್ರಗಳ ಹಿಡಿತ ಹಗುರಾಗುತ್ತದೆ, ಮಳೆಗಾಲದ ನಮ್ಮ ತಿರುವುಗಳಲ್ಲಿ ಅದು ಓಲಾಟದಷ್ಟೇ ಅಪಾಯ. ವಾಹನದ ಕೈಪಿಡಿಯಲ್ಲಿ ಕೊಟ್ಟ ಮಿತಿ ಮೀರಲೇಬಾರದು.

ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಓಲಾಡಿದರೆ ಗಟ್ಟಿಯಾಗಿ ಬ್ರೇಕ್ ಒತ್ತದೆ, ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಿ. ಸುರಕ್ಷತಾ ಸರಪಳಿಗಳನ್ನು ಕೊಂಡಿಯ ಕೆಳಗೆ ಅಡ್ಡಡ್ಡ ಕಟ್ಟಿ. ಕೊಂಡಿ ಕಳಚಿದರೂ ಟ್ರೇಲರಿನ ಮೂತಿ ರಸ್ತೆಗೆ ಬಡಿಯುವುದಿಲ್ಲ.

ರಿವರ್ಸ್ ಮಾಡುವಾಗ ಸ್ಟೇರಿಂಗಿನ ಕೆಳಭಾಗ ಹಿಡಿಯಿರಿ. ಟ್ರೇಲರ್ ಹೋಗಬೇಕಾದ ಕಡೆಗೇ ಕೈ ಸರಿಸಿದರೆ ಸಾಕು, ಆದರೆ ನಿಧಾನವಾಗಿ, ಸ್ವಲ್ಪಸ್ವಲ್ಪವೇ.