ಅಜ್ಜನ ಜೋಡುನಳಿಗೆಗೆ ಯಾವ ತೋಟೆ?

ನಮ್ಮಲ್ಲಿರುವುದು ಬರ್ಮಿಂಗ್‌ಹ್ಯಾಮಿನ 12 ಬೋರ್ ಜೋಡುನಳಿಗೆ ಕೋವಿ. ಅಜ್ಜನದು, ಆಮೇಲೆ ಅಪ್ಪನದು, ಈಗ ನನ್ನ ಲೈಸೆನ್ಸಿನಲ್ಲಿದೆ. ಕಾಸರಗೋಡಿನ ಎಣ್ಮಕಜೆ ಕಡೆ ತೋಟ ಇರುವವರಿಗೆ ಹಂದಿ ಕಾಟ ಹೇಳಬೇಕಾಗಿಲ್ಲ. ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ 2022ರಲ್ಲಿ ಕೇರಳದ ಪಂಚಾಯತ್ ಅಧ್ಯಕ್ಷರಿಗೆ ಬಂತು. ಆಗ ಕೋವಿಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದೆ. ಆ ಅನುಮತಿ ಇಲ್ಲದೆ ಈಡು ಹಾಕುವಂತಿಲ್ಲ, ಅದು ಬೇರೆ ಮಾತು.

ಮೊದಲು ನೋಡಿದ್ದು ತೋಟೆ (ಕಾರ್ಟ್ರಿಜ್) ಕೂರುವ ಚೇಂಬರಿನ ಉದ್ದ. ಪಕ್ಕದ ತೋಟದ ಶಂಕರಣ್ಣ ನಕ್ಕರು. "ತೋಟೆ ಒಳಗೆ ಹೋಗ್ತದಲ್ಲ, ಮತ್ತೆಂತ ಅಳೆಯುವುದು ಮಾರಾಯ?"

ಎಡವಟ್ಟು ಇರುವುದು ಅಲ್ಲೇ. ತೋಟೆಯ ಡಬ್ಬದ ಮೇಲೆ ಬರೆದ 70 ಮಿ.ಮೀ. ಅಂದರೆ ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟೆಯ ಉದ್ದ. ಹೊಸ ತೋಟೆಯ ಬಾಯಿ ಮಡಚಿರುತ್ತದೆ, ಹಾಗಾಗಿ 65 ಮಿ.ಮೀ. ಚೇಂಬರಿಗೂ ಸಲೀಸಾಗಿ ಹೋಗುತ್ತದೆ. ಹಾರಿಸಿದಾಗ ಮಡಿಕೆ ಬಿಚ್ಚಲು ಜಾಗ ಸಾಲದೆ, ಚೇಂಬರಿನ ಮುಂದಿನ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒತ್ತಡ ಏರುತ್ತದೆ. ನಳಿಗೆಗಳನ್ನು ಬಿಚ್ಚಿ ಅಡಿಭಾಗ ನೋಡಿದರೆ ನಳಿಗೆ ಒತ್ತಡ ತಾಳುತ್ತದೆಯೇ ಎಂದು ಪರೀಕ್ಷಿಸಿ ಒತ್ತಿದ ಮುದ್ರೆಗಳು ಕಾಣುತ್ತವೆ. ನನ್ನದರಲ್ಲಿ 2½ ಇಂಚು ಎಂದಿದೆ, ಅಂದರೆ 65 ಮಿ.ಮೀ., ಹಾಗಾಗಿ 70ರ ತೋಟೆ ಇದಕ್ಕಲ್ಲ. ಆದರೂ ಸುಮ್ನೆ ಮುದ್ರೆ ನಂಬಲಿಲ್ಲ. ಕೋವಿ ರಿಪೇರಿಯವರಲ್ಲಿ ಗೇಜ್ ಹಾಕಿಸಿದೆ, ನಳಿಗೆಯ ಗೋಡೆ ಎಲ್ಲಾದರೂ ತೆಳುವಾಗಿದೆಯೇ ಎಂದೂ ನೋಡಿಸಿದೆ.

ಆಮೇಲೆ ರೈಫಲ್ ಕ್ಲಬ್ಬಿನ ರೇಂಜಿನಲ್ಲಿ ಕಾಗದಕ್ಕೆ ಹೊಡೆದು ನೋಡಿದೆ. ಚಿಲ್ಲು, ಅಂದರೆ ತೋಟೆಯೊಳಗಿನ ಗುಂಡಿನ ಕಾಳು, ಎಷ್ಟು ಚದುರುತ್ತದೆ ಎಂದು ಅಳೆಯುವ ಲೆಕ್ಕ 40 ಗಜ ದೂರಕ್ಕೆ, 30 ಇಂಚಿನ ವೃತ್ತಕ್ಕೆ. ಬಾಯಿ ಪೂರ್ತಿ ಬಿಗಿ ಇರುವ ಫುಲ್ ಚೋಕ್ ನಳಿಗೆ ಸುಮಾರು 70 ಶೇಕಡಾ ಚಿಲ್ಲನ್ನು ವೃತ್ತದೊಳಗೆ ಇಡಬೇಕು. ಸಣ್ಣ ಚಿಲ್ಲಿನಲ್ಲಿ ನನ್ನ ಎಡ ನಳಿಗೆ ಇಟ್ಟಿತು. ಹಂದಿಗೆ ಬಳಸುವ ಎಲ್‌ಜಿ ತೋಟೆಯಲ್ಲಿ ಇರುವುದೇ ಆರು ದಪ್ಪ ಚಿಲ್ಲು. 40 ಗಜದಲ್ಲಿ ಎರಡು ಮಾತ್ರ ವೃತ್ತದೊಳಗೆ ಬಿದ್ದವು. ಅಷ್ಟು ದೂರದಿಂದ ಹೊಡೆದರೆ ಹಂದಿ ಗಾಯಗೊಂಡು ಓಡುತ್ತದೆ, ರಾತ್ರಿ ಗುಡ್ಡದಲ್ಲಿ ಅದರ ಹಿಂದೆ ಹೋಗುವುದು ಯಾರಿಗೆ ಬೇಕು? 25 ಗಜದೊಳಗೆ ಬಂದರೆ ಮಾತ್ರ ಈಡು, ಇಲ್ಲದಿದ್ದರೆ ಇಲ್ಲ.

ಅದೇ ರೇಂಜಿನಲ್ಲಿ ಹಾರುವ ಮಣ್ಣಿನ ಬಿಲ್ಲೆಗಳಿಗೂ ಹೊಡೆದೆ. ಮುಂದಿನ ಕುದುರೆ (ಟ್ರಿಗರ್) ಬಲ ನಳಿಗೆಗೆ, ಹಿಂದಿನದು ಎಡಕ್ಕೆ. ಬೆರಳಿಗೆ ಆ ಅಭ್ಯಾಸ ಕೂರಿಸಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಆಟೋ ಕೋವಿ ಇದ್ದರೆ ಚಂದ ಇತ್ತು ಅನ್ನುವವರಿದ್ದಾರೆ. ಬ್ರೌನಿಂಗ್ ಆಟೋ-5 ಅದ್ಭುತ ಯಂತ್ರ, ಒಪ್ಪುತ್ತೇನೆ. ಹಾರಿದಾಗ ನಳಿಗೆಯೇ ಹಿಂದಕ್ಕೆ ಜಾರಿ ಖಾಲಿ ತೋಟೆ ಉಗುಳಿ ಮುಂದಿನದನ್ನು ಏರಿಸುತ್ತದೆ. ಆದರೆ ತೋಟೆಯ ಭಾರಕ್ಕೆ ತಕ್ಕಂತೆ ಒಳಗಿನ ಉಂಗುರದ ಜಾಗ ಬದಲಿಸಿ ಕೂರಿಸಬೇಕು. ನನ್ನದು ಮಡಚಿದರೆ ಸಾಕು, ತುಂಬಿದೆಯೋ ಖಾಲಿಯೋ ಕಣ್ಣಿಗೇ ಕಾಣುತ್ತದೆ. ಕತ್ತಲಲ್ಲಿ ನಾಲ್ಕು ಜನ ಒಟ್ಟಿಗೆ ನಡೆಯುವಾಗ ನನಗೆ ಅದೇ ಜಾಸ್ತಿ ಮುಖ್ಯ.

ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಡಬೇಡಿ. ಚರ್ಮ ತೇವ ಹಿಡಿದು ಕಬ್ಬಿಣಕ್ಕೆ ತುಕ್ಕು ಬರಿಸುತ್ತದೆ. ತೆಂಗಿನೆಣ್ಣೆ ಬೇಡ, ಅಂಟಾಗುತ್ತದೆ. ಗನ್ ಎಣ್ಣೆ ತೆಳುವಾಗಿ ಸವರಿ, ಬೀಗ ಹಾಕಿದ ಕಪಾಟಿನಲ್ಲಿ ನಳಿಗೆಯ ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಇಲ್ಲವಾದರೆ ಎಣ್ಣೆ ಇಳಿದು ಹಿಡಿಯ ಮರ ಮೆದುವಾಗುತ್ತದೆ. ಚುನಾವಣೆಗೆ ಠಾಣೆಯಲ್ಲಿಡುವ ಮುಂಚೆಯೂ ಎಣ್ಣೆ ಸವರಿ, ರಸೀದಿ ಕೇಳಿ ತನ್ನಿ.