ಬ್ಲ್ಯಾಕ್ ಫ್ಲ್ಯಾಗ್: ಯಾರು, ಯಾವಾಗ, ಯಾವ ವಾದ್ಯ? ಲೈನಪ್ ಪಟ್ಟಿ ಮಾಡಿದ ನನ್ನ ಅನುಭವ

ಹಾರ್ಡ್‌ಕೋರ್ (ವೇಗದ, ಒರಟು ಪಂಕ್ ರಾಕ್) ಬ್ಯಾಂಡ್‌ಗಳ ಲೈನಪ್, ಅಂದರೆ ಯಾವ ಕಾಲದಲ್ಲಿ ಯಾರು ಯಾವ ವಾದ್ಯದಲ್ಲಿದ್ದರು ಎಂಬುದನ್ನು ಪಟ್ಟಿ ಮಾಡಲು ಕಲಿಯಬೇಕೆಂದರೆ ಬ್ಲ್ಯಾಕ್ ಫ್ಲ್ಯಾಗ್‌ನಿಂದಲೇ ಶುರುಮಾಡಬೇಕು ಎನ್ನುವುದು ನನ್ನ ಅಭಿಪ್ರಾಯ. ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚ್‌ನಲ್ಲಿ 1976ರಲ್ಲಿ ‘ಪ್ಯಾನಿಕ್’ ಎಂಬ ಹೆಸರಿನಲ್ಲಿ ಹುಟ್ಟಿ 1986ರಲ್ಲಿ ನಿಂತ ಈ ಬ್ಯಾಂಡ್‌ನಲ್ಲಿ ಮೊದಲಿನಿಂದ ಕೊನೆಯವರೆಗೂ ಇದ್ದವರು ಗಿಟಾರಿಸ್ಟ್ ಗ್ರೆಗ್ ಗಿನ್ ಒಬ್ಬರೇ. ಗಾಯಕರೇ ನಾಲ್ವರು: ಕೀತ್ ಮಾರಿಸ್, ರಾನ್ ರೇಯೆಸ್, ಡೆಜ್ ಕಡೇನಾ, ಹೆನ್ರಿ ರಾಲಿನ್ಸ್. ಡ್ರಮ್ಮರ್‌ಗಳು ಇನ್ನೂ ಹೆಚ್ಚು. ಪಟ್ಟಿ ಮಾಡುವವನ ಕೈ ತಪ್ಪಿಸುವ ಪ್ರತಿಯೊಂದು ತೊಡಕೂ ಇಲ್ಲಿ ಒಂದಲ್ಲ ಒಂದು ಕಡೆ ಸಿಗುತ್ತದೆ.

ಆಲ್ಬಮ್‌ಗಳನ್ನು ಬಿಡುಗಡೆಯ ಕ್ರಮದಲ್ಲಿ ಜೋಡಿಸಿ, ಕವರ್ ಹಿಂದಿನ ಹೆಸರುಗಳನ್ನು ಓದಿ ಪಟ್ಟಿ ಬರೆಯುವವರೇ ಹೆಚ್ಚು. ಅದು ಕೆಡುವುದೂ ಅಲ್ಲೇ. ನಾನು ಬಿಡುಗಡೆಯ ದಿನಾಂಕವನ್ನು ಲೈನಪ್‌ಗೆ ಆಧಾರವಾಗಿ ಬಳಸುವುದೇ ಇಲ್ಲ. ರೆಕಾರ್ಡಿಂಗ್ ನಡೆದ ದಿನ, ಕಾರ್ಯಕ್ರಮ ನಡೆದ ದಿನ ಇವೆರಡಷ್ಟೇ ಲೆಕ್ಕಕ್ಕೆ. ‘ನರ್ವಸ್ ಬ್ರೇಕ್‌ಡೌನ್’ ಇಪಿ (ಕೆಲವೇ ಹಾಡುಗಳ ಕಿರು ಡಿಸ್ಕ್) ರೆಕಾರ್ಡ್ ಆದದ್ದು 1978ರ ಜನವರಿಯಲ್ಲಿ, ಬ್ಯಾಂಡ್‌ಗೆ ಇನ್ನೂ ಪ್ಯಾನಿಕ್ ಎಂಬ ಹೆಸರಿದ್ದಾಗ. ಹೊರಬಂದದ್ದು ತಿಂಗಳುಗಟ್ಟಲೆ ತಡವಾಗಿ, ಹೊಸ ಹೆಸರಿನಲ್ಲಿ. ‘ಹೂಸ್ ಗಾಟ್ ದ 10½?’ ಲೈವ್ ಆಲ್ಬಮ್ ಅನ್ನೇ ನೋಡಿ: ನುಡಿಸಿದ್ದು 1985ರ ಆಗಸ್ಟ್ 23ರಂದು ಪೋರ್ಟ್‌ಲ್ಯಾಂಡ್‌ನಲ್ಲಿ, ಬಾಸ್ ಗಿಟಾರ್‌ನಲ್ಲಿ ಕೀರಾ ರೋಸ್ಲರ್. ಅದು 1986ರಲ್ಲಿ ಬಿಡುಗಡೆಯಾಗುವಾಗ ಕೀರಾ ಬ್ಯಾಂಡ್ ಬಿಟ್ಟಾಗಿತ್ತು, ಬಾಸ್ ಸೆಲ್ ರೆವುಎಲ್ಟಾ ಕೈಯಲ್ಲಿತ್ತು. ಬಿಡುಗಡೆಯ ವರ್ಷವನ್ನು ನಂಬಿದರೆ ಇಬ್ಬರ ಅವಧಿಯೂ ತಪ್ಪುತ್ತದೆ.

ಕೆಲಸಕ್ಕೆ ಒಂದು ಸ್ಪ್ರೆಡ್‌ಶೀಟ್ ಸಾಕು. ಒಬ್ಬ ವ್ಯಕ್ತಿಗೆ ಒಂದು ಸಾಲು ಅಂತ ಮಾಡಬೇಡಿ. ವ್ಯಕ್ತಿ, ವಾದ್ಯ, ಅವಧಿ ಈ ಮೂರೂ ಸೇರಿ ಒಂದು ಸಾಲು. ಡೆಜ್ ಕಡೇನಾ 1980ರಿಂದ 1981ರ ಬೇಸಿಗೆಯವರೆಗೆ ಗಾಯಕ, ರಾಲಿನ್ಸ್ ಬಂದ ಮೇಲೆ ಎರಡನೇ ಗಿಟಾರ್. ಆದ್ದರಿಂದ ಅವರಿಗೆ ಎರಡು ಸಾಲು. ವಾಷಿಂಗ್ಟನ್‌ನ ಮೈನರ್ ಥ್ರೆಟ್ ಬ್ಯಾಂಡ್‌ನಲ್ಲಿ ಬ್ರಯನ್ ಬೇಕರ್‌ಗೆ ಮೂರು ಸಾಲು ಬೇಕು: ಮೊದಲು ಬಾಸ್, 1982ರಲ್ಲಿ ಸ್ಟೀವ್ ಹ್ಯಾನ್ಸ್‌ಜೆನ್ ಬಾಸ್‌ಗೆ ಬಂದಾಗ ಗಿಟಾರ್, 1983ರಲ್ಲಿ ಅವರು ಹೋದ ಮೇಲೆ ಮತ್ತೆ ಬಾಸ್. ಒಂದೇ ಸಾಲಿನಲ್ಲಿ ‘ಬಾಸ್/ಗಿಟಾರ್, 1980–83’ ಎಂದು ಬರೆದರೆ ಹ್ಯಾನ್ಸ್‌ಜೆನ್ ಇದ್ದ ಹೊತ್ತಿನಲ್ಲಿ ಬ್ಯಾಂಡ್ ಐದು ಜನರದಾಗಿತ್ತು ಎಂಬ ಮುಖ್ಯ ಸಂಗತಿಯೇ ಕಾಣೆಯಾಗುತ್ತದೆ.

ನನ್ನ ಹಾಳೆಯಲ್ಲಿ ಎಂಟು ಕಾಲಂಗಳಿವೆ: ಕವರ್‌ನಲ್ಲಿ ಅಚ್ಚಾದ ಹೆಸರು, ನಿಜವಾಗಿ ನುಡಿಸಿದವರ ಹೆಸರು, ವಾದ್ಯ, ಆ ಜಾಗದಲ್ಲಿ ಖಚಿತವಾಗಿ ಸಿಗುವ ಮೊದಲ ದಿನ, ಅದಕ್ಕೆ ಆಧಾರ, ಖಚಿತವಾಗಿ ಸಿಗುವ ಕೊನೆಯ ದಿನ, ಅದಕ್ಕೆ ಆಧಾರ, ಟಿಪ್ಪಣಿ. ‘ಸೇರಿದ ದಿನ’, ‘ಬಿಟ್ಟ ದಿನ’ ಎಂಬ ಕಾಲಂ ಬೇಕೆಂದೇ ಇಟ್ಟಿಲ್ಲ. ಸೇರಿದ ದಿನ ಗೊತ್ತಿರುವುದು ಅಪರೂಪ. ಕಾಲಂ ಖಾಲಿ ಕಂಡರೆ ಕೈ ಸುಮ್ಮನಿರದೆ ಅಂದಾಜು ತುಂಬಿಬಿಡುತ್ತದೆ, ಆರು ತಿಂಗಳ ನಂತರ ಅದು ಅಂದಾಜು ಎಂಬುದೇ ಮರೆತುಹೋಗುತ್ತದೆ. ಇನ್ನೊಂದು ಮಾತು: ದಿನಾಂಕ ತುಂಬುವ ಮೊದಲೇ ಆ ಕಾಲಂಗಳನ್ನು ಪಠ್ಯ ಮಾದರಿಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ‘1981-08’ ಎಂದು ಬರೆದದ್ದನ್ನು ಸ್ಪ್ರೆಡ್‌ಶೀಟ್ ತಾನೇ ಆಗಸ್ಟ್ 1 ಎಂದು ತಿಳಿದುಕೊಳ್ಳುತ್ತದೆ, ಇಲ್ಲದ ಖಚಿತತೆ ನಿಮ್ಮ ಪಟ್ಟಿಯೊಳಗೆ ಸೇರಿಕೊಳ್ಳುತ್ತದೆ.

ಅಚ್ಚಾದ ಹೆಸರಿಗೂ ನುಡಿಸಿದವರ ಹೆಸರಿಗೂ ಬೇರೆ ಬೇರೆ ಕಾಲಂ ಏಕೆ ಎಂಬುದಕ್ಕೆ 1984ರ ‘ಮೈ ವಾರ್’ ಸಾಕ್ಷಿ. ಅದರಲ್ಲಿ ಬಾಸ್ ಡೇಲ್ ನಿಕ್ಸನ್ ಎಂದಿದೆ. ಅಂಥ ಸದಸ್ಯ ಇರಲೇ ಇಲ್ಲ. ಬಾಸಿಸ್ಟ್ ಚಕ್ ಡುಕೌಸ್ಕಿ ಹೋಗಿ, ಬೇರೊಬ್ಬರು ಬರುವ ಮೊದಲು ಗಿನ್ ತಾವೇ ಬಾಸ್ ನುಡಿಸಿ ಇಟ್ಟುಕೊಂಡ ಹೆಸರದು. ಆಲ್ಬಮ್‌ನ ಶೀರ್ಷಿಕೆ ಗೀತೆ ಬರೆದವರು ಡುಕೌಸ್ಕಿ. ಹಾಗಾಗಿ ಹಾಡು ಬರೆದವರ ಹೆಸರನ್ನು ನೋಡಿ ‘ಇವರು ಇನ್ನೂ ಬ್ಯಾಂಡ್‌ನಲ್ಲಿದ್ದರು’ ಎಂದು ತೀರ್ಮಾನಿಸಿದರೂ ತಪ್ಪೇ. ಒಂದೇ ಡಿಸ್ಕ್‌ನಲ್ಲಿ ಬೀಳಬಹುದಾದ ಎರಡು ಹಳ್ಳಗಳು. ರಾನ್ ರೇಯೆಸ್ ಕೂಡ 1980ರ ‘ಜೆಲಸ್ ಅಗೇನ್’ನಲ್ಲಿ ತಮ್ಮ ಹೆಸರಿನಲ್ಲಿಲ್ಲ, ‘ಚಾವೋ’ ಎಂದು ಶುರುವಾಗುವ ಅಡ್ಡಹೆಸರಿನಲ್ಲಿದ್ದಾರೆ. ಅಡ್ಡಹೆಸರುಗಳನ್ನು ತಿದ್ದಬೇಡಿ, ಮೊದಲ ಕಾಲಂನಲ್ಲಿ ಅಚ್ಚಾದಂತೆಯೇ ಇರಲಿ.

ಸಂಕಲನಗಳನ್ನು ಬೇರೆ ಹಾಳೆಯಲ್ಲಿಡುತ್ತೇನೆ. 1982ರ ‘ಎವೆರಿಥಿಂಗ್ ವೆಂಟ್ ಬ್ಲ್ಯಾಕ್’ ಜೋಡಿ ಡಿಸ್ಕ್. ಅದರಲ್ಲಿ ಹಾಡುವವರು ಮಾರಿಸ್, ರೇಯೆಸ್, ಕಡೇನಾ. ಆದರೆ ಆ ವರ್ಷದ ಗಾಯಕ ರಾಲಿನ್ಸ್. ಮೂಲ ಮುದ್ರಣದ ಕವರ್ ಇನ್ನೂ ವಿಚಿತ್ರ: ಯೂನಿಕಾರ್ನ್ ರೆಕಾರ್ಡ್ಸ್ ಎಂಬ ಕಂಪನಿಯ ಜೊತೆಗಿನ ವ್ಯಾಜ್ಯದಿಂದ ಬ್ಯಾಂಡ್‌ನ ಹೆಸರು ಹಾಕುವಂತಿರಲಿಲ್ಲ, ಹಾಗಾಗಿ ವಾದಕರ ಹೆಸರುಗಳನ್ನಷ್ಟೇ ಕೊಟ್ಟರು. ಆ ಹೆಸರುಗಳನ್ನು 1982ರ ಲೈನಪ್ ಎಂದು ಓದಬಾರದು. ಹಾಡು ಹಾಡಾಗಿ ಒಡೆದು, ಒಂದೊಂದನ್ನೂ ಅದರ ರೆಕಾರ್ಡಿಂಗ್ ಕಾಲಕ್ಕೆ ಹಿಂದಕ್ಕೆ ಕಳಿಸಬೇಕು. ಬೇಸರದ ಕೆಲಸ, ನಿಜ. ಪಟ್ಟಿಗೆ ಬೆಲೆ ಬರುವುದು ಇದರಿಂದಲೇ.

ಇದಕ್ಕೆ ಉಲ್ಟಾ ಸಮಸ್ಯೆಯೂ ಇದೆ. 1985ರ ‘ದ ಪ್ರೊಸೆಸ್ ಆಫ್ ವೀಡಿಂಗ್ ಔಟ್’ ಇಪಿಯಲ್ಲಿ ರಾಲಿನ್ಸ್ ಇಲ್ಲ. ಬಿಟ್ಟುಹೋಗಿದ್ದರೆಂದಲ್ಲ, ಅದು ಬರೀ ವಾದ್ಯಸಂಗೀತ. ಹೆಸರಿಲ್ಲದ ಕಡೆ ಅವಧಿಯನ್ನು ತುಂಡು ಮಾಡುವ ಮೊದಲು ಆ ಡಿಸ್ಕ್‌ನಲ್ಲಿ ಅವರಿಗೆ ಕೆಲಸವಿತ್ತೇ ಎಂದು ನೋಡಿ.

ಆಧಾರಗಳಲ್ಲಿ ನಾನು ಮೇಲಿಡುವುದು ದಿನಾಂಕ ಗೊತ್ತಿರುವ ಲೈವ್ ಟೇಪ್, ಆಮೇಲೆ ದಿನಾಂಕವಿರುವ ಫೋಟೊ, ಆಮೇಲೆ ಕವರ್‌ನಲ್ಲಿ ಕೊಟ್ಟ ರೆಕಾರ್ಡಿಂಗ್ ತಿಂಗಳು. ಸಂದರ್ಶನದ ನೆನಪುಗಳು ಕೊನೆಗೆ: ಯಾರ ನಂತರ ಯಾರು ಬಂದರೆಂಬ ಕ್ರಮವನ್ನು ಜನ ಸರಿಯಾಗಿ ಹೇಳುತ್ತಾರೆ, ತಿಂಗಳನ್ನು ಅಲ್ಲ. ಫ್ಲೈಯರ್ ಚೀಟಿಗಳಲ್ಲಿ ಸದಸ್ಯರ ಹೆಸರಿರುವುದಿಲ್ಲ, ಎಷ್ಟೋ ಸಲ ವರ್ಷವೂ ಇರುವುದಿಲ್ಲ. ಆದರೂ ವಾರ, ತಾರೀಕು ಎರಡೂ ಇದ್ದರೆ ವರ್ಷ ತೆಗೆಯಬಹುದು. ‘ಶುಕ್ರವಾರ, ಆಗಸ್ಟ್ 23’ ಎಂಬುದು 1976ರಿಂದ 1986ರ ನಡುವೆ ಒಂದೇ ಸಲ ಬರುತ್ತದೆ, 1985ರಲ್ಲಿ. ಬೇರೆ ತಾರೀಕುಗಳಿಗೆ ಈ ಅವಧಿಯಲ್ಲಿ ಎರಡು ವರ್ಷ ಹೊಂದುವುದುಂಟು. ಆಗ ಚೀಟಿಯಲ್ಲಿರುವ ಉಳಿದ ಬ್ಯಾಂಡ್‌ಗಳು ಯಾವ ವರ್ಷ ಇದ್ದವು ಎಂದು ನೋಡಿ ಒಂದನ್ನು ಕೈಬಿಡಬೇಕು. ಚೀಟಿ ಕಾರ್ಯಕ್ರಮ ನಿಗದಿಯಾಗಿತ್ತು ಎಂದಷ್ಟೇ ಹೇಳುತ್ತದೆ, ನಡೆಯಿತು ಎಂದಲ್ಲ.

ಅತಿ ಕಷ್ಟದ ಜಾಗ ಡ್ರಮ್ಸ್, ಅದರಲ್ಲೂ 1981ರ ಕೊನೆಯಿಂದ 1983ರವರೆಗೆ. ‘ಡ್ಯಾಮೇಜ್ಡ್’ ಆಲ್ಬಮ್‌ನಲ್ಲಿ ನುಡಿಸಿದ ರೋಬೋ ಕೊಲಂಬಿಯಾದವರು, 1981ರ ಡಿಸೆಂಬರ್‌ನ ಬ್ರಿಟನ್ ಪ್ರವಾಸದ ನಂತರ ವೀಸಾ ತೊಂದರೆಯಿಂದ ಅಮೆರಿಕಕ್ಕೆ ಮರಳಲಾಗಲಿಲ್ಲ. ಆಮೇಲೆ ಬಿಲ್ ಸ್ಟೀವನ್ಸನ್, ಎಮಿಲ್ ಜಾನ್ಸನ್, ಚಕ್ ಬಿಸ್ಕಿಟ್ಸ್, ಮತ್ತೆ ಸ್ಟೀವನ್ಸನ್. ಇಲ್ಲಿ ‘ಸದಸ್ಯ’ ಮತ್ತು ‘ಬದಲಿ’ ಎಂಬ ಭೇದವನ್ನು ಟಿಪ್ಪಣಿ ಕಾಲಂನಲ್ಲಿ ಬರೆಯಲೇಬೇಕು. ಸ್ಟೀವನ್ಸನ್ ಮೊದಲು ಬದಲಿಯಾಗಿ ಕೂತವರು, ಪೂರ್ಣ ಸದಸ್ಯರಾದದ್ದು ನಂತರ. ಎರಡನ್ನೂ ಒಂದೇ ಅವಧಿಯಾಗಿ ಎಳೆದರೆ ನಡುವಿನ ಇಬ್ಬರಿಗೆ ಜಾಗವೇ ಉಳಿಯುವುದಿಲ್ಲ.

ಈ ಹಾಳೆಯಿಂದ ಕಾಲರೇಖೆಯ ನಕ್ಷೆ ಬರೆಯುವಾಗ ಮೂರು ತಿಂಗಳಿಗೆ ಒಂದು ಕಾಲಂ ಇಡುತ್ತೇನೆ. 1976ರಿಂದ 1986ಕ್ಕೆ 44 ಕಾಲಂ. ಸಾಲುಗಳನ್ನು ವಾದ್ಯದ ಪ್ರಕಾರ ಜೋಡಿಸಿ, ಖಚಿತ ಅವಧಿಗೆ ಗಾಢ ಬಣ್ಣ, ಎರಡು ಖಚಿತ ದಿನಗಳ ನಡುವಿನ ಅನುಮಾನದ ತೆರಪಿಗೆ ಅದೇ ಬಣ್ಣದ ತೆಳು ಛಾಯೆ. ರೆಕಾರ್ಡಿಂಗ್‌ಗೆ ದಪ್ಪ ಗೆರೆ, ಬಿಡುಗಡೆಗೆ ಚುಕ್ಕಿ ಗೆರೆ. ಯಾವುದೇ ದಪ್ಪ ಗೆರೆಯ ಕೆಳಗೆ ಇಬ್ಬರು ಡ್ರಮ್ಮರ್‌ಗಳು ಗಾಢ ಬಣ್ಣದಲ್ಲಿ ಕಂಡರೆ ಯಾವುದೋ ಆಧಾರವನ್ನು ಮರುಪರಿಶೀಲಿಸಬೇಕು.

2013ರ ನಂತರದ್ದನ್ನು ಇದೇ ನಕ್ಷೆಗೆ ಅಂಟಿಸುವುದಿಲ್ಲ. ಆ ವರ್ಷ ಗಿನ್ ಮತ್ತು ರೇಯೆಸ್ ಬ್ಲ್ಯಾಕ್ ಫ್ಲ್ಯಾಗ್ ಹೆಸರಿನಲ್ಲಿ ನುಡಿಸಿದರು. ಮಾರಿಸ್, ಡುಕೌಸ್ಕಿ, ಸ್ಟೀವನ್ಸನ್, ಕಡೇನಾ ಸೇರಿ ‘ಫ್ಲ್ಯಾಗ್’ ಕಟ್ಟಿ ಹಳೆಯ ಹಾಡುಗಳನ್ನೇ ನುಡಿಸಿದರು. ಎರಡಕ್ಕೂ ಪ್ರತ್ಯೇಕ ಹಾಳೆ. ಫ್ಲ್ಯಾಗ್‌ನ ಗಿಟಾರಿಸ್ಟ್ ಸ್ಟೀಫನ್ ಎಗರ್ಟನ್ ಡಿಸೆಂಡೆಂಟ್ಸ್ ಎಂಬ ಬೇರೆ ಬ್ಯಾಂಡ್‌ನವರು, ಬ್ಲ್ಯಾಕ್ ಫ್ಲ್ಯಾಗ್‌ನಲ್ಲಿ ಎಂದೂ ಇದ್ದವರಲ್ಲ. ಹಾಳೆಗಳನ್ನು ಬೆರೆಸಿದ ಪಟ್ಟಿಗಳಲ್ಲಿ ಅವರ ಹೆಸರು ಮಾಜಿ ಸದಸ್ಯರ ನಡುವೆ ನುಸುಳುವುದು ಹೀಗೆಯೇ.